ಇಲಿಯಲ್ಲದ ಜೀವಿಗೆ ಇಲಿಯ ಶಿಕ್ಷೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹಿತ್ತಿಲ ಬಚ್ಚಲಿನ ಪಕ್ಕದಲ್ಲಿ ನಡೆದ ಒಂದು ಸಣ್ಣ ಘಟನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಕೆಲವು ದಿನಗಳಿಂದ ರಾತ್ರಿಯ ಹೊತ್ತು ಗೋಡೆಯಂಚಿನಲ್ಲಿ ಕೀಚು ಕೀಚು ಎಂಬ ಸದ್ದು ಕೇಳಿಬರುತ್ತಿತ್ತು. ಜೊತೆಗೆ ಒಂದು ಬಗೆಯ ಗಾಟು ವಾಸನೆಯೂ ಇತ್ತು. ಮನೆಗೆ ಇಲಿ ಹೊಕ್ಕಿದೆಯೆಂದು ತೀರ್ಮಾನಿಸಲು ಇಷ್ಟು ಸಾಕಾಯಿತು. ಅಂಗಡಿಯಿಂದ ಒಂದು ಗಮ್ ಪ್ಯಾಡ್ ತಂದು ಗೋಡೆಯ ಬುಡದಲ್ಲಿ ಬಿಚ್ಚಿಟ್ಟವನು ನಾನೇ. ಬೆಳಗ್ಗೆ ಎದ್ದು ನೋಡಿದರೆ ಅಂಟಿನ ಮೇಲೆ ಬೂದುಬಣ್ಣದ ಪ್ರಾಣಿಯೊಂದು ಸತ್ತು ಬಿದ್ದಿತ್ತು. ಅದರ ಬಾಲದ ಬುಡಕ್ಕೆ ಬಾಯಿ ಹಚ್ಚಿದಂತೆ ಒಂದು ಮರಿ, ಆ ಮರಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಾಲ್ಕೂ ಒಂದೇ ಸಾಲಿನಲ್ಲಿ ಅಂಟಿಕೊಂಡಿದ್ದವು.

ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಬಗ್ಗಿ ನೋಡಿ, ‘ತಾತ, ಇದು ಇಲಿಯಲ್ಲ. ಇದರ ಮೂತಿ ನೋಡು’ ಎಂದಳು. ಹಿಂದಿನ ಎರಡು ಮರಿಗಳಲ್ಲಿ ಇನ್ನೂ ಜೀವವಿತ್ತು. ಕೊಬ್ಬರಿ ಎಣ್ಣೆ ಸುರಿದು, ಹತ್ತಿಯಿಂದ ಒರೆಸಿ, ಹೇಗೋ ಬಿಡಿಸಿದೆವು. ಸಂಜೆಯ ಹೊತ್ತಿಗೆ ಅವೂ ಉಳಿಯಲಿಲ್ಲ. ‘ಇಲಿಯಲ್ಲದಿದ್ದರೆ ಇದನ್ನು ಯಾಕೆ ಕೊಂದೆ?’ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ, ತಪ್ಪು ಕಲಮಿನಲ್ಲಿ ಹೆಸರು ಸೇರಿದವರ ಗತಿ ಏನಾಗುತ್ತದೆಂಬುದು ಗೊತ್ತಿಲ್ಲದ ಸಂಗತಿಯೇನಲ್ಲ.

ಜಿಲ್ಲೆಯೊಂದರಲ್ಲಿ ನಾನು ಪಡಿತರ ಚೀಟಿಗಳ ಪರಿಷ್ಕರಣೆಯ ಕೆಲಸ ನೋಡಿಕೊಳ್ಳುತ್ತಿದ್ದಾಗ ವಯೋವೃದ್ಧೆಯೊಬ್ಬರ ಚೀಟಿ ರದ್ದಾಗಿತ್ತು. ಅದೇ ಹೆಸರಿನ ಬೇರೊಬ್ಬರು ಅದೇ ಗ್ರಾಮದಲ್ಲಿ ತೀರಿಕೊಂಡಿದ್ದುದೇ ಕಾರಣ. ಹೆಸರಿನ ಸಾಮ್ಯವೊಂದೇ ಆಕೆಯ ಅಪರಾಧ. ಅದನ್ನು ಸರಿಪಡಿಸಲು ಆಕೆ ಐದಾರು ಬಾರಿ ಕಚೇರಿಗೆ ಅಲೆಯಬೇಕಾಯಿತು. ಅಷ್ಟಾದರೂ ಆಕೆಗೆ ಬಾಯಿತ್ತು, ಅರ್ಜಿ ಕೊಡುವ ಅವಕಾಶವಿತ್ತು. ನಮ್ಮ ಮನೆಯಂಚಿನಲ್ಲಿ ಸತ್ತ ಜೀವಿಗೆ ಅಂತಹ ಅವಕಾಶವೂ ಇಲ್ಲ. ಅದರ ಹೆಸರಿನ ಕೊನೆಗೆ ‘ಇಲಿ’ ಎಂಬ ಎರಡಕ್ಷರವಿರುವುದರಿಂದಲೇ ಇಲಿಗೆ ವಿಧಿಸಿದ ಶಿಕ್ಷೆಯನ್ನು ಅದು ಅನುಭವಿಸುತ್ತಿದೆ.

ಅದು ಸೊಂಡಿಲಿ. ಸುಂಡಿಲಿ ಎಂದೂ ಕರೆಯುವುದುಂಟು. ಕೆಲವು ಕಡೆ ಸಣ್ಣ ಜಾತಿಯ ಇಲಿಯನ್ನೂ ಸುಂಡಿಲಿಯೆಂದೇ ಹೇಳುವ ರೂಢಿಯಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ. ಪ್ರಾಣಿವಿಜ್ಞಾನದಲ್ಲಿ ಅದರ ಹೆಸರು ಸುಂಕಸ್ ಮ್ಯೂರಿನಸ್. ಸ್ವೀಡನ್ನಿನ ಲಿನೇಯಸ್ 1766ರಲ್ಲಿ ಜಾವಾ ದ್ವೀಪದ ಮಾದರಿಯನ್ನು ಆಧರಿಸಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದ. ‘ಮ್ಯೂರಿನಸ್’ ಎಂದರೆ ಇಲಿಯಂತಹುದು ಎಂದರ್ಥ. ಅಂದರೆ, ಜೀವಿಗಳನ್ನು ವರ್ಗೀಕರಿಸುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮಹನೀಯನೂ ಇದಕ್ಕೆ ಇಲಿಯ ನೆನಪು ತರುವ ಹೆಸರನ್ನೇ ಇಟ್ಟ. ಆದರೆ ಅವನು ಅದನ್ನು ಇಲಿಗಳ ಗುಂಪಿಗೆ ಸೇರಿಸಲಿಲ್ಲ. ನಾವು ಹೆಸರನ್ನು ಮಾತ್ರ ಉಳಿಸಿಕೊಂಡು ವರ್ಗೀಕರಣವನ್ನು ಮರೆತೆವು.

ಸೊಂಡಿಲಿಯನ್ನು ಗುರುತಿಸುವುದು ಕಷ್ಟವೇನಲ್ಲ. ಮೂತಿ ಉದ್ದವಾಗಿ, ಚೂಪಾಗಿ, ಸದಾ ಅತ್ತಿತ್ತ ಮಿಸುಕುತ್ತಿರುತ್ತದೆ. ಕಣ್ಣುಗಳು ಸಾಸಿವೆ ಕಾಳಿನಷ್ಟು ಚಿಕ್ಕವು. ದೃಷ್ಟಿ ಮಂದವಾದ್ದರಿಂದ ಅದು ವಾಸನೆ, ಸ್ಪರ್ಶ ಹಾಗೂ ಶಬ್ದಗಳನ್ನು ನಂಬಿ ಗೋಡೆಯಂಚನ್ನೇ ಹಿಡಿದು ಓಡುತ್ತದೆ. ಮೈಮೇಲೆ ಮಖಮಲ್ಲಿನಂತಹ ಬೂದು ಕೂದಲು. ಬಾಲ ಬುಡದಲ್ಲಿ ದಪ್ಪಗಿದ್ದು, ಅದರ ಮೇಲೆ ಅಲ್ಲಲ್ಲಿ ಉದ್ದವಾದ ಬಿರುಗೂದಲುಗಳಿರುತ್ತವೆ. ಗಂಡು ಹೆಣ್ಣಿಗಿಂತ ದೊಡ್ಡದು. ಚೆನ್ನಾಗಿ ಬೆಳೆದ ಗಂಡು ನೂರು ಗ್ರಾಂವರೆಗೆ ತೂಗಬಹುದು. ಇಲಿಯಂತೆ ಪೈಪು ಹತ್ತುವುದು, ತಂತಿಯ ಮೇಲೆ ನಡೆಯುವುದು ಇದರ ಜಾಯಮಾನವಲ್ಲ. ಇದು ನೆಲದ ಪ್ರಾಣಿ.

ಬಾಯೊಳಗಿನ ವ್ಯತ್ಯಾಸ ಇನ್ನೂ ಮುಖ್ಯವಾದುದು. ಇಲಿಯ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಅವನ್ನು ಸವೆಸಲು ಅದು ಮರ, ಪ್ಲಾಸ್ಟಿಕ್ಕು, ವಿದ್ಯುತ್ ತಂತಿ, ಗೋಣಿಚೀಲ ಹೀಗೆ ಸಿಕ್ಕಿದ್ದನ್ನೆಲ್ಲ ಕಡಿಯಲೇಬೇಕು. ಸೊಂಡಿಲಿಗೆ ಅಂತಹ ಹಲ್ಲುಗಳಿಲ್ಲ. ಅದರದು ಕೀಟಗಳ ಗಟ್ಟಿ ಕವಚವನ್ನು ಚುಚ್ಚಿ ಸೀಳಲು ತಕ್ಕ ಸೂಜಿಯಂತಹ ಹಲ್ಲುಗಳು. ನಮ್ಮ ಅಕ್ಕಿ ಮೂಟೆಗೆ ತೂತು ಕೊರೆದದ್ದು, ಕಾರಿನ ಬಾನೆಟ್ಟಿನೊಳಗೆ ವೈರು ಕತ್ತರಿಸಿದ್ದು, ಕಪಾಟಿನ ಬಾಗಿಲು ಕೆರೆದದ್ದು ಸೊಂಡಿಲಿಯಲ್ಲ.

ಬಂಧುತ್ವದ ಲೆಕ್ಕ ತೆಗೆದರೆ ಆಶ್ಚರ್ಯ ಇಮ್ಮಡಿಯಾಗುತ್ತದೆ. ಇಲಿ, ಹೆಗ್ಗಣ, ಅಳಿಲುಗಳು ದಂಶಕಗಳು. ಸೊಂಡಿಲಿ ಸೇರಿರುವುದು ಸೊರಿಸಿಡೇ ಎಂಬ ಬೇರೆಯದೇ ಕುಟುಂಬಕ್ಕೆ. ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿ ಮತ್ತು ನೆಲ ತೋಡುವ ಮೋಲ್‌ಗಳು ಇದರ ಹತ್ತಿರದ ನೆಂಟರು. ಕಳೆದ ಎರಡು ಮೂರು ದಶಕಗಳಲ್ಲಿ ನಡೆದ ವಂಶವಾಹಿ ಅಧ್ಯಯನಗಳು ಸಸ್ತನಿಗಳ ವಂಶವೃಕ್ಷವನ್ನೇ ಹೊಸದಾಗಿ ಬರೆದಿವೆ. ಆ ಪ್ರಕಾರ ಇಲಿಗಳಿರುವ ಕೊಂಬೆಯಲ್ಲೇ ಮಂಗಗಳೂ ಮನುಷ್ಯರೂ ಇದ್ದಾರೆ. ಸೊಂಡಿಲಿ ಇರುವ ಕೊಂಬೆಯಲ್ಲಿ ಬಾವಲಿ, ಬೆಕ್ಕು, ಕುದುರೆ, ಹಸುಗಳಿವೆ. ಅಂದರೆ ಇಲಿಗೆ ಸೊಂಡಿಲಿಗಿಂತ ನಾವೇ ಹತ್ತಿರದ ಸಂಬಂಧಿಗಳು! ರೂಪಸಾದೃಶ್ಯ ನಮ್ಮ ಕಣ್ಣಿಗೆ ಎಷ್ಟು ಮಣ್ಣೆರಚಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇನ್ನು ಅದರ ಜೀವನಚಕ್ರ. ಸೊಂಡಿಲಿಯ ಆಯುಸ್ಸು ಎರಡು ವರ್ಷಗಳ ಆಸುಪಾಸು ಮಾತ್ರ. ಆದ್ದರಿಂದ ಅದರ ಬದುಕಿನಲ್ಲಿ ಎಲ್ಲವೂ ಅವಸರದ ಕಾರ್ಯಕ್ರಮವೇ. ಹುಟ್ಟಿದ ಐದಾರು ವಾರಗಳಲ್ಲಿ ಹೆಣ್ಣು ಗರ್ಭ ಧರಿಸಲು ಸಮರ್ಥವಾಗುತ್ತದೆ. ಹೆಣ್ಣಿಗೆ ನಿಯತವಾದ ಋತುಚಕ್ರವಿಲ್ಲ. ಗಂಡಿನೊಡನೆ ಕೂಡಿದ ಬಳಿಕವಷ್ಟೇ, ಸುಮಾರು ಹದಿನೈದು ಗಂಟೆಗಳ ಅನಂತರ, ಅಂಡಗಳು ಬಿಡುಗಡೆಯಾಗುತ್ತವೆ. ಒಂಟಿ ಬಾಳುವೆಯ ಪ್ರಾಣಿಗೆ ಇದು ತಕ್ಕ ಏರ್ಪಾಡು. ಗಂಡು ಎಂದು ಎದುರಾದೀತೋ ತಿಳಿಯದ ಕಡೆ ಅಂಡಗಳನ್ನು ವ್ಯರ್ಥವಾಗಿ ವ್ಯಯಿಸುವುದರಲ್ಲಿ ಲಾಭವಿಲ್ಲವಷ್ಟೆ. ಆದರೂ ಗಂಡಿಗೆ ಸುಲಭದ ಸ್ವಾಗತವೇನೂ ಸಿಗುವುದಿಲ್ಲ. ಹೆಣ್ಣು ಮೊದಲು ಚೀರಿ, ಕಚ್ಚಲು ಬಂದು, ಅಟ್ಟಿಸಿಕೊಂಡು ಹೋಗುತ್ತದೆ. ರಾತ್ರಿಯ ಹೊತ್ತು ನಾವು ಕೇಳುವ ಗದ್ದಲದಲ್ಲಿ ಈ ಜಗಳದ ಪಾಲೂ ಇದೆ.

ಗರ್ಭಾವಧಿ ಸುಮಾರು ಮೂವತ್ತು ದಿನ. ಒಣಗಿದ ಎಲೆ, ಕಾಗದದ ಚೂರು, ಬಟ್ಟೆಯ ತುಂಡುಗಳಿಂದ ಮಾಡಿದ ಗೂಡಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು, ಹೆಚ್ಚೆಂದರೆ ಎಂಟು ಮರಿಗಳು ಹುಟ್ಟುತ್ತವೆ. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಮೂರು ವಾರ ತುಂಬುವಷ್ಟರಲ್ಲಿ ಹಾಲು ಬಿಡುತ್ತವೆ. ಈ ಮಧ್ಯೆ ಗೂಡಿಗೆ ಅಪಾಯ ಬಂದರೆ ಅಥವಾ ತಾಯಿ ಸ್ಥಳ ಬದಲಿಸಬೇಕಾದರೆ ಒಂದು ವಿಶೇಷ ದೃಶ್ಯ ಕಾಣಸಿಗುತ್ತದೆ. ಒಂದು ಮರಿ ತಾಯಿಯ ಬಾಲದ ಬುಡದ ಕೂದಲನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತದೆ. ಅದರ ಹಿಂಭಾಗವನ್ನು ಎರಡನೆಯದು, ಎರಡನೆಯದನ್ನು ಮೂರನೆಯದು. ತಾಯಿಯೆಂಬ ಎಂಜಿನ್ನಿನ ಹಿಂದೆ ಬೋಗಿಗಳಂತೆ ಮರಿಗಳ ರೈಲು ಗೋಡೆಯಂಚಿನಲ್ಲಿ ಸಾಗುತ್ತದೆ. ಈ ಹಿಡಿತ ಎಷ್ಟು ಬಿಗಿಯೆಂದರೆ ತಾಯಿಯನ್ನು ಮೇಲೆತ್ತಿದರೂ ಮರಿಗಳು ಸುಲಭವಾಗಿ ಬಿಡುವುದಿಲ್ಲ. ಅಂದು ಬೆಳಗ್ಗೆ ನಾನು ಕಂಡದ್ದು ಇಂತಹ ಸಾಲನ್ನೇ. ಮಳೆನೀರು ನುಗ್ಗಿದ ಗೂಡಿನಿಂದ ತಾಯಿ ಮರಿಗಳನ್ನು ಒಣನೆಲಕ್ಕೆ ಕರೆದೊಯ್ಯುತ್ತಿದ್ದಿರಬೇಕು. ದಾರಿಯಲ್ಲಿ ನನ್ನ ಗಮ್ ಪ್ಯಾಡ್ ಇತ್ತು.

ಸಣ್ಣ ದೇಹದ ಬಿಸಿರಕ್ತದ ಪ್ರಾಣಿಗಳಿಗೆ ಒಂದು ಶಾಪವಿದೆ. ಗಾತ್ರ ಕಿರಿದಾದಷ್ಟೂ, ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಮೈಶಾಖ ಬೇಗ ಸೋರಿಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಮತ್ತೆ ಮತ್ತೆ ತಿನ್ನುತ್ತಿರಬೇಕು. ಸೊಂಡಿಲಿಯ ಕುಲದಲ್ಲೇ ಇರುವ, ಭಾರತದಲ್ಲಿಯೂ ಕಾಣಸಿಗುವ ಎಟ್ರುಸ್ಕನ್ ಸೊಂಡಿಲಿ ಸುಮಾರು ಎರಡು ಗ್ರಾಂ ತೂಗುತ್ತದೆ. ತೂಕದಲ್ಲಿ ಜಗತ್ತಿನ ಅತ್ಯಂತ ಚಿಕ್ಕ ಸಸ್ತನಿ ಅದೇ. ಯುರೋಪಿನ ಸಾಮಾನ್ಯ ಸೊಂಡಿಲಿಗಂತೂ ಚಳಿಗಾಲದಲ್ಲಿ ತಲೆಬುರುಡೆಯೇ ಕುಗ್ಗಿ, ವಸಂತದಲ್ಲಿ ಮತ್ತೆ ಹಿಗ್ಗುತ್ತದೆ. ಪೋಲೆಂಡಿನ ಡೆನೆಲ್ ಎಂಬ ವಿಜ್ಞಾನಿ 1949ರಲ್ಲಿ ಇದನ್ನು ವರದಿ ಮಾಡಿದ. ಆಹಾರ ದುರ್ಲಭವಾದ ಕಾಲದಲ್ಲಿ ಮಿದುಳಿನ ವೆಚ್ಚವನ್ನೂ ಕಡಿತಗೊಳಿಸುವ ಮಿತವ್ಯಯವದು! ನಮ್ಮ ಮನೆಗಳ ಸೊಂಡಿಲಿಗೆ ಅಂತಹ ಹಿಮಗಾಲವಿಲ್ಲ. ಆದರೆ ಹೊಟ್ಟೆಯ ಅವಸರ ಅದಕ್ಕೂ ತಪ್ಪಿದ್ದಲ್ಲ. ಆದ್ದರಿಂದಲೇ ಅದು ರಾತ್ರಿಯಿಡೀ ಜಿರಳೆ, ಚಿಮ್ಮಂಡೆ, ಜರಿ, ಎರೆಹುಳು, ಬಸವನಹುಳುಗಳನ್ನು ಹುಡುಕುತ್ತ ಓಡಾಡುತ್ತದೆ. ನೆಲಕ್ಕೆ ಬಿದ್ದ ಅನ್ನದಗುಳು, ಮಾಂಸದ ಚೂರನ್ನೂ ಬಿಡುವುದಿಲ್ಲವೆಂಬುದು ನಿಜ. ಆದರೆ ಅದರ ಮುಖ್ಯ ವೃತ್ತಿ ಹುಳಹುಪ್ಪಟೆಗಳ ಬೇಟೆ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಇಲ್ಲಿ ಒಂದು ಮಾತು ಹೊಳೆಯುತ್ತದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಸೇವೆ ನಮ್ಮ ಲೆಕ್ಕಪತ್ರಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗೃಹಿಣಿಯ ದುಡಿಮೆ ರಾಷ್ಟ್ರೀಯ ವರಮಾನಕ್ಕೆ ಸೇರುವುದಿಲ್ಲ. ಅದೇ ಕೆಲಸಕ್ಕೆ ಸಂಬಳದ ಆಳನ್ನು ಇಟ್ಟರೆ ಸೇರುತ್ತದೆ. ಹಾಗೆಯೇ ಸೊಂಡಿಲಿ ಜಿರಳೆ ತಿಂದರೆ ಯಾವ ಲೆಕ್ಕದಲ್ಲೂ ಜಮೆಯಾಗುವುದಿಲ್ಲ. ಸೊಂಡಿಲಿಯನ್ನು ಕೊಲ್ಲಲು ಗಮ್ ಪ್ಯಾಡ್ ಕೊಂಡರೆ ಒಂದು ವಹಿವಾಟು. ಆಮೇಲೆ ಜಿರಳೆ ಕೊಲ್ಲಲು ಸ್ಪ್ರೇ ಕೊಂಡರೆ ಇನ್ನೊಂದು ವಹಿವಾಟು. ಎರಡೂ ಸೇರಿ ಆರ್ಥಿಕತೆ ಬೆಳೆದಂತೆ ತೋರುತ್ತದೆ. ಮನೆಯೊಡತಿಯ ಜೇಬು ಮಾತ್ರ ಎರಡು ಬಾರಿ ಖಾಲಿಯಾಗಿರುತ್ತದೆ.

ಹೆಸರಿನಂತೆಯೇ ಸೊಂಡಿಲಿಗೆ ಶತ್ರುವಾಗಿರುವ ಇನ್ನೊಂದು ಸಂಗತಿ ಅದರ ವಾಸನೆ. ಮೈಯ ಎರಡೂ ಪಕ್ಕಗಳಲ್ಲಿರುವ ಗ್ರಂಥಿಗಳಿಂದ ಕಸ್ತೂರಿಯನ್ನು ಹೋಲುವ ಘಾಟು ಹೊಮ್ಮುತ್ತದೆ. ಬೆಕ್ಕು ಕೊಂದರೂ ತಿನ್ನದೆ ಬಿಟ್ಟುಹೋಗುವುದು ಇದೇ ಕಾರಣಕ್ಕೆ. ನುಂಗಲೂ ಆಗದ, ಉಗುಳಲೂ ಆಗದ ಇಕ್ಕಟ್ಟನ್ನು ಹಿಂದಿಯವರು ‘ಹಾವು ಛಛೂಂದರ್ ಹಿಡಿದ ಹಾಗೆ’ ಎಂದು ಬಣ್ಣಿಸುತ್ತಾರೆ. ಛಛೂಂದರ್ ಎಂದರೆ ಸೊಂಡಿಲಿಯೇ. ಬ್ರಿಟಿಷರ ಕಾಲದಲ್ಲಿ, ಈ ಪ್ರಾಣಿ ಬಾಟಲಿಯ ಮೇಲೆ ಹಾದುಹೋದರೆ ಸಾಕು, ಒಳಗಿನ ಬಿಯರು ಕೆಟ್ಟುಹೋಗುತ್ತದೆಂದು ದೊರೆಗಳು ನಂಬಿದ್ದರು. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಪ್ರಾಣಿತಜ್ಞ ಜೆರ್ಡನ್, ಭಾರತದ ಸಸ್ತನಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಬಿರಡೆಗಳಿಗೆ ಬಾಟಲಿ ತುಂಬುವ ಮೊದಲೇ ವಾಸನೆ ತಗುಲಿರಬೇಕೆಂಬುದು ಅವನ ವಾದ. ಆರೋಪವನ್ನು ಕೇಳಿದೊಡನೆ ನಂಬದೆ ಸಾಕ್ಷ್ಯವನ್ನು ಪರಿಶೀಲಿಸುವ ಈ ಬುದ್ಧಿ ನಮಗೂ ಬೇಕಾಗಿದೆ.

ಎಲ್ಲ ಸಮಾಜಗಳೂ ಈ ಜೀವಿಯನ್ನು ಕೀಳಾಗಿ ಕಂಡಿಲ್ಲವೆಂಬುದನ್ನೂ ಗಮನಿಸಬೇಕು. ನಮಗೆ ಗಣಪತಿಯ ವಾಹನ ಮೂಷಿಕ; ತಮಿಳರು ಅದನ್ನು ‘ಮೂಂಜೂರು’ ಎನ್ನುತ್ತಾರೆ, ಅಂದರೆ ಸೊಂಡಿಲಿ. ಉದ್ದ ಮೂತಿಯ ದೇವರಿಗೆ ಉದ್ದ ಮೂತಿಯ ವಾಹನ ಒಪ್ಪುವುದೇ ಸರಿ. ದಕ್ಷಿಣ ಚೀನಾ ಹಾಗೂ ತೈವಾನಿನಲ್ಲಿ ಅದರ ಕೂಗು ನಾಣ್ಯಗಳ ಝಣಝಣ ಸದ್ದಿನಂತೆ ಕೇಳುತ್ತದೆಂದು ಅದನ್ನು ‘ಹಣದ ಇಲಿ’ ಎನ್ನುತ್ತಾರೆ. ಅದು ಮನೆಗೆ ಬಂದರೆ ಐಶ್ವರ್ಯ ಬಂದಂತೆ ಎಂಬುದು ಅಲ್ಲಿನವರ ನಂಬಿಕೆ.

ಆಧುನಿಕ ವೈದ್ಯಶಾಸ್ತ್ರಕ್ಕೂ ಇದರ ಋಣವಿದೆ. ಪ್ರಯೋಗಾಲಯದ ಇಲಿಗೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ. ಆದ್ದರಿಂದ ವಾಂತಿಯನ್ನು ತಡೆಯುವ ಔಷಧಗಳನ್ನು ಅದರ ಮೇಲೆ ಪರೀಕ್ಷಿಸುವುದು ಕಷ್ಟ. ಸೊಂಡಿಲಿ ವಾಂತಿ ಮಾಡಬಲ್ಲದೆಂಬುದನ್ನು ಬಳಸಿಕೊಂಡು ಜಪಾನಿನ ಸಂಶೋಧಕರು 1987ರಲ್ಲಿ ಅದನ್ನು ಇಂತಹ ಅಧ್ಯಯನಕ್ಕೆ ಹೊಸ ಮಾದರಿಯಾಗಿ ಮುಂದಿಟ್ಟರು. ಪ್ರಯಾಣದ ವಾಕರಿಕೆ, ಕ್ಯಾನ್ಸರ್ ಔಷಧಗಳಿಂದುಂಟಾಗುವ ವಾಂತಿ ಮುಂತಾದ ವಿಷಯಗಳಲ್ಲಿ ಅಂದಿನಿಂದ ಅದರ ಮೇಲೆ ಅನೇಕ ಸಂಶೋಧನೆಗಳು ನಡೆದಿವೆ. ಕಿಮೋಥೆರಪಿ ಪಡೆದವರ ಮನೆಯವರಿಗೆ ವಾಂತಿ ನಿಲ್ಲಿಸುವ ಒಂದು ಮಾತ್ರೆಯ ಬೆಲೆ ಏನೆಂಬುದು ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಪ್ರಾಮಾಣಿಕವಾಗಿ ಮಂಡಿಸುವುದು ನ್ಯಾಯ. ಸೊಂಡಿಲಿ ನಿರುಪದ್ರವಿ ಮುದ್ದುಪ್ರಾಣಿಯೆಂದು ನಾನು ಹೇಳುತ್ತಿಲ್ಲ. ನಾನು ವಾಸಿಸುವ ಬಸವನಗುಡಿ, 1898ರಲ್ಲಿ ಬೆಂಗಳೂರಿಗೆ ಎರಗಿದ ಪ್ಲೇಗ್ ಮಾರಿಯ ಬಳಿಕ ಬೆಳೆದ ಬಡಾವಣೆ. ಅಗಲ ರಸ್ತೆಗಳೂ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳೂ ಆ ಭೀತಿಯ ಕಾಲದ ನೆನಪುಗಳು. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್, ಪ್ಲೇಗನ್ನು ಇಲಿಯಿಂದ ಹರಡುವುದು ಚಿಗಟವೆಂದು ತೋರಿಸಿದ. ಆ ಚಿಗಟಗಳು ಸೊಂಡಿಲಿಯ ಮೈಮೇಲೂ ಬದುಕಬಲ್ಲವು. ಮಡಗಾಸ್ಕರಿನ ಮಹಜಂಗಾ ಎಂಬ ಬಂದರು ನಗರದಲ್ಲಿ 1990ರ ದಶಕದಲ್ಲಿ ಪ್ಲೇಗ್ ಮರುಕಳಿಸಿದಾಗ ಅಲ್ಲಿನ ಸೊಂಡಿಲಿಗಳಲ್ಲಿಯೂ ರೋಗಾಣು ಪತ್ತೆಯಾಯಿತು. ತಮಿಳುನಾಡಿನ ವೆಲ್ಲೂರಿನಲ್ಲಿ 1964ರಲ್ಲಿ ಹಿಡಿದ ಸೊಂಡಿಲಿಯೊಂದರಿಂದ ಬೇರ್ಪಡಿಸಿದ ತೊಟ್ಟಪಾಳಯಂ ವೈರಸ್, ಹಂಟಾ ವೈರಸ್‌ಗಳ ಗುಂಪಿಗೆ ಸೇರಿದ್ದೆಂದು ಆಮೇಲೆ ತಿಳಿದುಬಂತು. ಅದು ಮನುಷ್ಯರಿಗೆ ಕಾಯಿಲೆ ತರುತ್ತದೆಂಬುದು ದೃಢಪಟ್ಟಿಲ್ಲ. ಇಲಿಜ್ವರದ ರೋಗಾಣುಗಳನ್ನೂ ಸೊಂಡಿಲಿಗಳು ಹೊತ್ತಿರಬಲ್ಲವು. ಆದ್ದರಿಂದ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಕೊಡಬೇಕಾಗಿಲ್ಲ. ಬರಿಗೈಯಲ್ಲಿ ಮುಟ್ಟುವುದೂ ಸಲ್ಲದು.

ಅದೇ ರೀತಿ, ಹಡಗುಗಳ ಸರಕಿನೊಡನೆ ದೂರದ ದ್ವೀಪಗಳನ್ನು ಸೇರಿದ ಸೊಂಡಿಲಿ ಅಲ್ಲಿ ಪೀಡೆಯಾಗಿ ಪರಿಣಮಿಸಿದ್ದೂ ಉಂಟು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಅದು 1953ರಲ್ಲಿ ಕಾಣಿಸಿಕೊಂಡಿತು; ಅಲ್ಲಿನ ಸಣ್ಣ ಹಲ್ಲಿಗಳು ಕ್ಷೀಣಿಸಲು ಅದೂ ಒಂದು ಕಾರಣವೆನ್ನುತ್ತಾರೆ. ಮಾರಿಷಸ್ಸಿನಲ್ಲಿಯೂ ಅದು ಹೊರಗಿನಿಂದ ಬಂದ ಉಪದ್ರವಕಾರಿ. ಆದರೆ ಭಾರತ ಅದರ ತವರು. ಇಲ್ಲಿನ ಹಾವು, ಗೂಬೆ, ಮುಂಗುಸಿಗಳೂ ಹುಳಹುಪ್ಪಟೆಗಳೂ ಅದರೊಡನೆ ಬಹುಕಾಲದಿಂದ ಬದುಕಿಕೊಂಡು ಬಂದಿವೆ. ಗುವಾಮಿಗೆ ಸರಿಯಾದ ಕ್ರಮ ಬೆಂಗಳೂರಿಗೆ ಸರಿಯಾಗಬೇಕೆಂದಿಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಉಪದ್ರವಕಾರಿ ಜೀವಿಗಳ ಪಟ್ಟಿಯೊಂದಿತ್ತು. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ ಮತ್ತು ಹೆಗ್ಗಣಗಳು ಅದರಲ್ಲಿದ್ದವು, ಸೊಂಡಿಲಿ ಇರಲಿಲ್ಲ. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟು, ಅಗತ್ಯ ಬಿದ್ದಾಗ ಅಧಿಸೂಚನೆಯ ಮೂಲಕ ಘೋಷಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಉಳಿಸಿದೆ. ಶಾಸನಸಭೆ ಎಂದೂ ಹೊರಡಿಸದ ಆಜ್ಞೆಯನ್ನು ನಾವು ಮನೆಮನೆಗಳಲ್ಲಿ ಜಾರಿಗೆ ತಂದಿದ್ದೇವೆ. ಗಮ್ ಪ್ಯಾಡಿನ ವಿಷಯವಂತೂ ಇನ್ನೂ ಗಂಭೀರ. ಅದು ಪ್ರಾಣಿಯನ್ನು ಒಡನೆ ಕೊಲ್ಲುವುದಿಲ್ಲ. ಹಸಿವು, ಬಾಯಾರಿಕೆ, ಗಾಬರಿಗಳಿಂದ ಗಂಟೆಗಟ್ಟಲೆ ನರಳಿಸಿ ಕೊಲ್ಲುತ್ತದೆ. ಸೊಂಡಿಲಿ, ಹಲ್ಲಿ, ಓತಿಕೇತ, ಗುಬ್ಬಿಮರಿ ಎಂಬ ಭೇದವಿಲ್ಲದೆ ಮೆಟ್ಟಿದ್ದನ್ನೆಲ್ಲ ಹಿಡಿಯುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯನ್ನು ಉಲ್ಲೇಖಿಸಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದರ ಬಳಕೆಯ ವಿರುದ್ಧ ರಾಜ್ಯಗಳಿಗೆ ಸೂಚನೆ ನೀಡಿದೆ. ಆದರೂ ನನ್ನಂತಹ ಮಾಜಿ ಅಧಿಕಾರಿಯೇ ಯೋಚಿಸದೆ ಅದನ್ನು ಕೊಂಡು ತಂದನೆಂದರೆ, ಸೂಚನೆಗೂ ಆಚರಣೆಗೂ ನಡುವಿನ ಅಂತರವನ್ನು ಓದುಗರೇ ಊಹಿಸಬಹುದು.

ಇಲಿ ಪಾಷಾಣದ ಪರಿಣಾಮವೂ ಅದನ್ನು ತಿಂದ ಪ್ರಾಣಿಯೊಡನೆ ಕೊನೆಯಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡಿ ನಿಧಾನವಾಗಿ ಕೊಲ್ಲುವ ವಿಷಗಳು ಸತ್ತ ಪ್ರಾಣಿಯ ದೇಹದಲ್ಲಿ ಉಳಿದಿರುತ್ತವೆ. ಅದನ್ನು ತಿಂದ ಗೂಬೆಗೂ ಬೆಕ್ಕಿಗೂ ಅಪಾಯ ತಪ್ಪಿದ್ದಲ್ಲ. ನಿಜವಾಗಿಯೂ ಇಲಿಗಳನ್ನು ಹತೋಟಿಯಲ್ಲಿಡುವ ಗೂಬೆಯನ್ನು ಇಲಿಯ ಹೆಸರಿನಲ್ಲೇ ಕೊಂದಂತಾಗುತ್ತದೆ. ತಪ್ಪು ಪಟ್ಟಿಯ ಬೆಲೆ ಎಷ್ಟಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ಒಂದು ಪಾಠವಿದೆ. ಚೀನಾ 1958ರಲ್ಲಿ ನಾಲ್ಕು ಪೀಡೆಗಳ ನಿರ್ಮೂಲನಕ್ಕೆ ಹೊರಟಾಗ ಇಲಿ, ನೊಣ, ಸೊಳ್ಳೆಗಳ ಜೊತೆ ಗುಬ್ಬಚ್ಚಿಯನ್ನೂ ಸೇರಿಸಿತು. ಗುಬ್ಬಿ ಕಾಳು ತಿನ್ನುವುದನ್ನು ಲೆಕ್ಕ ಹಾಕಿದವರು ಅದು ಹುಳು ತಿನ್ನುವುದನ್ನು ಲೆಕ್ಕ ಹಾಕಲಿಲ್ಲ. ಗುಬ್ಬಿಗಳು ಇಲ್ಲವಾದಂತೆ ಬೆಳೆನಾಶಕ ಕೀಟಗಳು ಹೆಚ್ಚಿದವು. 1960ರಲ್ಲಿ ಗುಬ್ಬಿಯನ್ನು ಪಟ್ಟಿಯಿಂದ ತೆಗೆದು ತಿಗಣೆಯನ್ನು ಸೇರಿಸಲಾಯಿತು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಕಾರಣಗಳು ಹಲವು. ಪಟ್ಟಿಯ ಈ ತಪ್ಪೂ ಅವುಗಳಲ್ಲಿ ಸೇರಿತ್ತು. ಸೊಂಡಿಲಿಯ ವಿಷಯದಲ್ಲಿ ಅಂತಹ ಮಹಾ ಅನಾಹುತವೇನೂ ಆಗದಿರಬಹುದು. ಆದರೆ ತಪ್ಪಿನ ಬಗೆ ಅದೇ.

ಮಾಡಬೇಕಾದುದು ದೊಡ್ಡ ಯೋಜನೆಯೇನಲ್ಲ. ಮೊದಲನೆಯದಾಗಿ, ಕೊಲ್ಲುವ ಮುನ್ನ ಯಾವ ಪ್ರಾಣಿಯೆಂದು ನೋಡೋಣ. ಕಡಿದ ಗುರುತು, ಕೊರೆದ ಚೀಲ ಕಂಡರೆ ಇಲಿ. ಘಾಟು ವಾಸನೆ, ಗೋಡೆಯಂಚಿನ ಕೀಚು ಸದ್ದು, ಚೂಪು ಮೂತಿ ಕಂಡರೆ ಸೊಂಡಿಲಿ. ಎರಡನೆಯದಾಗಿ, ಅದು ಒಳಗೆ ಬರುವುದು ಬೇಡವೆನಿಸಿದರೆ ಬಚ್ಚಲಿನ ತೂಬಿಗೆ ಜಾಲರಿ ಹಾಕಿಸಿ, ಬಾಗಿಲ ಕೆಳಗಿನ ಸಂದು ಮುಚ್ಚಿಸಿದರೆ ಸಾಕು. ಹತ್ತಲು ಬಾರದ ಪ್ರಾಣಿಗೆ ಅಷ್ಟೇ ತಡೆ. ಒಳಗೆ ಸಿಕ್ಕಿಕೊಂಡರೆ ಬೋನಿನಲ್ಲಿ ಹಿಡಿದು ಹಿತ್ತಿಲಿಗೆ ಬಿಡಬಹುದು. ಬೋನಿನಲ್ಲಿ ಬಹಳ ಹೊತ್ತು ಉಪವಾಸ ಕೆಡವಿದರೆ ಬದುಕುವುದಿಲ್ಲವೆಂಬುದು ನೆನಪಿರಲಿ. ಮೂರನೆಯದಾಗಿ, ಅಪಾರ್ಟ್‌ಮೆಂಟ್ ಸಂಘಗಳು ಕೀಟನಾಶಕ ಕಂಪನಿಗಳೊಡನೆ ಮಾಡಿಕೊಳ್ಳುವ ಗುತ್ತಿಗೆಯಲ್ಲಿ ಪ್ರಾಣಿಯನ್ನು ಗುರುತಿಸಿದ ಬಳಿಕವೇ ಕ್ರಮ ಕೈಗೊಳ್ಳಬೇಕೆಂಬ ಹಾಗೂ ಗಮ್ ಪ್ಯಾಡ್ ಬಳಸಬಾರದೆಂಬ ಎರಡು ಷರತ್ತುಗಳನ್ನು ಸೇರಿಸಲಿ. ಸರ್ಕಾರವೂ ಅದರ ಮಾರಾಟಕ್ಕೆ ಕಡಿವಾಣ ಹಾಕಲಿ.

ಕೊನೆಯದಾಗಿ, ಮೂಲ ಕಾರಣ ನಮ್ಮ ಕಸ. ರಸ್ತೆಯಂಚಿಗೆ ಎಸೆದ ಆಹಾರ ತ್ಯಾಜ್ಯ ಇಲಿ ಜಿರಳೆಗಳನ್ನು ಸಾಕುತ್ತದೆ. ಜಿರಳೆ ಇರುವಲ್ಲಿಗೆ ಸೊಂಡಿಲಿ ಬರುತ್ತದೆ. ಪ್ಲೇಗಿನ ಕಾಲದ ಆಡಳಿತಗಾರರು ಗಾಳಿ ಬೆಳಕು ಬರಲೆಂದು, ಕಸ ಸಾಗಲೆಂದು ಬಿಟ್ಟ ಗಲ್ಲಿಗಳಲ್ಲಿ ಇಂದು ಕಟ್ಟಡದ ಅವಶೇಷ, ಹರಿದ ಹಾಸಿಗೆ, ಪ್ಲಾಸ್ಟಿಕ್ ಚೀಲಗಳು ತುಂಬಿವೆ. ರೋಗದ ಭಯವಿರುವವರು ಮೊದಲು ಕೈಹಾಕಬೇಕಾದದ್ದು ಅಲ್ಲಿಗೆ.

ನಮ್ಮ ಮನೆಯಲ್ಲಿ ಈಗ ತೂಬಿಗೆ ಜಾಲರಿ ಹಾಕಿಸಿದ್ದೇವೆ. ಹಿತ್ತಿಲಿನ ಹೂಕುಂಡಗಳ ಹಿಂದೆ ರಾತ್ರಿ ಒಮ್ಮೊಮ್ಮೆ ಆ ಕೀಚು ಸದ್ದು ಮತ್ತೆ ಕೇಳುತ್ತದೆ. ಮೊಮ್ಮಗಳು ತನ್ನ ಶಾಲೆಯ ನೋಟ್ ಪುಸ್ತಕದಲ್ಲಿ ಮನೆಯ ಸುತ್ತ ಕಂಡ ಪ್ರಾಣಿಗಳ ಪಟ್ಟಿಯೊಂದನ್ನು ಬರೆದಿದ್ದಾಳೆ. ಅದರಲ್ಲಿ ಇಲಿಗೆ ಒಂದು ಸಾಲು, ಸೊಂಡಿಲಿಗೆ ಬೇರೊಂದು ಸಾಲು ಇದೆ. ನಾನು ಸೇವೆಯಲ್ಲಿದ್ದಾಗ ನೋಡಿ ಸಹಿ ಹಾಕಿದ ಎಷ್ಟೋ ಪಟ್ಟಿಗಳಿಗಿಂತ ಅದು ಹೆಚ್ಚು ಸರಿಯಾಗಿದೆ.